ನೀಲಿಬಾಗಿಲ ಮನೆಯಲ್ಲಿ ಉಳಿದ ದಿನಗಳು

ಪರಸ್ಥಳದಲ್ಲಿ ಬಾಡಿಗೆಗೆ ಹಿಡಿದ ಮನೆಯನ್ನು ಅವಧಿಗೆ ಮುನ್ನ ಬಿಟ್ಟುಬಂದವನು ನಾನು. ಹಾಗೆ ಬಿಟ್ಟುಬಂದ ಮೇಲೂ ನನ್ನೂರಿನ ಬಸದಿಯ ಬಾಗಿಲು ನನಗೆ ಬಸದಿಯೊಳಕ್ಕೇ ತೆರೆದುಕೊಂಡಿತೆಂದರೆ ಅದಕ್ಕೆ ನನ್ನ ಪುಣ್ಯವೊಂದೇ ಕಾರಣವಲ್ಲ. ಕಡಲಾಚೆಯ ಒಬ್ಬ ರೊಟ್ಟಿಯವನು ಕಾರಣ. ಮುಂಜಾನೆ ಪಂಚಪರಮೇಷ್ಠಿಗಳ ಸ್ಮರಣೆ ಮುಗಿದೊಡನೆ ನನ್ನ ನಾಲಗೆಯ ತುದಿಗೆ ಬರುವ ಹೆಸರು ದೊರೂಕನದು. ಇದು ಶಾಸ್ತ್ರಸಮ್ಮತವೇ ಎಂದು ಕೇಳಿದವರಿಗೆಲ್ಲ ಈ ಕಥೆಯನ್ನೇ ಉತ್ತರವಾಗಿ ಹೇಳುತ್ತ ಬಂದಿದ್ದೇನೆ.

ಆ ಊರಿನ ಗ್ರಂಥಭಂಡಾರದಲ್ಲಿ, ಎಂದೋ ನಮ್ಮ ಕರಾವಳಿಯಿಂದ ಹೋದ ಜೈನ ವರ್ತಕರು ಬಿಟ್ಟುಹೋದ ತಾಳೆಗರಿಯ ಕಟ್ಟುಗಳಿದ್ದುವು. ಅವುಗಳ ಹಳಗನ್ನಡವನ್ನು ಓದಿ ಅಲ್ಲಿಯವರಿಗೆ ಅರ್ಥ ಬಿಡಿಸಿ ಹೇಳಲು ನನ್ನನ್ನು ಮೂರು ವರ್ಷದ ಮಟ್ಟಿಗೆ ಕರೆಸಿಕೊಂಡಿದ್ದರು. ತಲೆಮಾರುಗಳಿಂದ ನಮ್ಮ ಮನೆತನಕ್ಕೆ ಬಂದ ಬಸದಿಯ ಪೂಜೆಯನ್ನು ತಮ್ಮನಿಗೊಪ್ಪಿಸಿ, ಮಡದಿ ಗುಣಮಾಲೆಯೊಡನೆ ಹಡಗು ಹತ್ತಿದೆ. ನಕಾಶೆಯಲ್ಲಿ ಆ ಊರಿನ ಹೆಸರಿಲ್ಲ. ಚುಕ್ಕಾಣಿ ಹಿಡಿದವನಿಗೆ ದಾರಿ ಗೊತ್ತಿತ್ತು, ನಮಗೆ ಅಷ್ಟು ಸಾಕಾಯಿತು. ಕೆಲಸವೂ ಮೂರು ವರ್ಷದ್ದು, ಮನೆಯ ಕರಾರೂ ಮೂರು ವರ್ಷದ್ದು. ಎರಡೂ ಜೋಡೆತ್ತಿನಂತೆ ಒಟ್ಟಿಗೆ ನಡೆದು ಒಟ್ಟಿಗೆ ನಿಲ್ಲುವುವೆಂದು ನಂಬಿದ್ದೆ.

ಮನೆಯೊಡತಿ ಸೆಲೂಮೆ ಎಪ್ಪತ್ತು ದಾಟಿದ ವಿಧವೆ. ಆ ಊರಿನಲ್ಲಿ ಜನರನ್ನು ಅವರವರ ಬಾಗಿಲಿನ ಬಣ್ಣದಿಂದ ಕರೆಯುವುದು ರೂಢಿ. ಬೀಗದಕೈ ನನ್ನ ಕೈಗೆ ಬಂದ ಕ್ಷಣದಿಂದ ನಾನು ನೀಲಿಬಾಗಿಲಿನ ಪಂಡಿತನಾದೆ. "ಮಳೆ ಬಂದ್ರೆ ಅಡುಗೆಮನೆ ಕಿಟಕಿ ಬಿಗಿಯುತ್ತೆ, ಮೊಣಕೈಯಿಂದ ಗುದ್ದಬೇಕು. ಬಾವಿ ಹಗ್ಗ ವರ್ಷಕ್ಕೊಂದ್ಸಲ ಬದಲಾಯಿಸಬೇಕು. ಅವಧಿ ಮುಗಿಯೋಕೆ ಮುಂಚೆ ಬಿಟ್ಟು ಹೋಗಬಾರದು," ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಬಿಟ್ಟು ಹೋದರೆ ಏನಾಗುತ್ತದೆ ಎಂದು ಕೇಳಿದೆ.

"ಏನಾಗುತ್ತೆ? ಆಮೇಲೆ ನೀವು ಎಲ್ಲಿ ಯಾವ ಹೊಸ್ತಿಲಿಗೆ ಹೋಗಿ ನಿಂತರೂ, ಬಾಗಿಲು ಯಾರು ತೆಗೆದರೂ, ಒಳಗೆ ಈ ಮನೆಯೇ ಇರುತ್ತೆ. ನಮ್ಮ ಮಾವ ಒಬ್ಬ ಹೀಗೇ ಅರ್ಧಕ್ಕೆ ಬಿಟ್ಟು ಓಡಿಹೋಗಿ ದೂರದೂರಲ್ಲಿ ಮದುವೆ ಆದ. ಹೆಣ್ಣಿನ ಮನೆ ಹೊಸ್ತಿಲು ದಾಟಿದ್ದೇ ತಡ, ಕೊರಳಲ್ಲಿ ಹಾರ ಹಾಕ್ಕೊಂಡು ಸೀದಾ ನಮ್ಮ ಹಿಂದಿನ ಕೋಣೆಯಲ್ಲಿ ನಿಂತಿದ್ದ! ಹೊರಗೆ ಬಂದರೆ ನಮ್ಮ ಬೀದಿ. ಮತ್ತೆ ಹಡಗು ಹತ್ತಿದ, ಮತ್ತೆ ಬಂದ. ನಾಲ್ಕನೇ ಸಲಕ್ಕೆ ಆ ಹುಡುಗಿಗೇ ಬೇಜಾರಾಗಿ ಇಲ್ಲಿಗೆ ಬಂದುಬಿಟ್ಟಳು. ಐವತ್ತು ವರ್ಷ ಬಾಳಿದಳು, ಪಾಪ."

ಗುಣಮಾಲೆ ಸೆರಗನ್ನು ಬಾಯಿಗೊತ್ತಿ ನಕ್ಕಳು. ನನಗೂ ನಗೆ ಬಂತು. ಸೆಲೂಮೆ ಮಾತ್ರ ನಗಲಿಲ್ಲ; ಬಾವಿಯ ಹಗ್ಗ ಎಲ್ಲಿ ಸಿಗುತ್ತದೆಂದು ತಿಳಿಸಿ ಹೊರಟುಹೋದಳು.

ನಮ್ಮಲ್ಲಿ ಒಂದು ಪದ್ಧತಿಯುಂಟು. ಬಸದಿಯನ್ನು ಹೊಗುವಾಗ ಅಲ್ಲಿ ನೆಲೆಸಿರುವ ಅದೃಶ್ಯರ ಅಪ್ಪಣೆ ಬೇಡಿ 'ನಿಸ್ಸಹಿ' ಎಂದು ಮೂರು ಸಲ ಹೇಳಬೇಕು. ಹೊರಡುವಾಗ 'ಆಸಹಿ' ಎಂದು ಮೂರು ಸಲ ಹೇಳಿ ಅವರನ್ನು ಬೀಳ್ಕೊಳ್ಳಬೇಕು. ನಾನು ಬಾಡಿಗೆಯ ಮನೆಗೂ ಆ ಮರ್ಯಾದೆಯನ್ನು ತಪ್ಪಿಸಲಿಲ್ಲ. ಒಂದು ಸೂರ್ಯೋದಯದಲ್ಲಿ, ಎಳೆಬಿಸಿಲು ನೀಲಿಬಾಗಿಲನ್ನು ಮುಟ್ಟುತ್ತಿದ್ದಾಗ, ಮೂರು ಸಲ ಅಪ್ಪಣೆ ಕೇಳಿ ಬಲಗಾಲಿಟ್ಟು ಒಳಹೊಕ್ಕೆ.

ಎದುರುಮನೆಯ ಕೆಂಪುಬಾಗಿಲಿನವನೇ ದೊರೂಕ. ನನ್ನದೇ ವಯಸ್ಸು, ಹೆಂಡತಿ ತೀರಿ ಆರು ವರ್ಷವಾಗಿತ್ತು. ನೀರುಳ್ಳಿ ತುಂಬಿದ ರೊಟ್ಟಿ ಸುಡುವುದು ಅವನ ಕಸುಬು. ಹೊತ್ತು ಮುಳುಗುವ ಮೊದಲೇ ಊಟ, ಗಡ್ಡೆಗೆಣಸುಗಳ ತ್ಯಾಗ, ಬಟ್ಟೆಯಲ್ಲಿ ಗಾಳಿಸಿದ ನೀರು ಎಂಬ ನಿಯಮದವನಾದ ನನ್ನ ಮುಖಕ್ಕೆ ನೇರವಾಗಿ ಆ ಒಲೆ. ಸಂಜೆ ನಮ್ಮ ಊಟ ಮುಗಿದೊಡನೆ ನಾನು ಅಡುಗೆಮನೆಯ ಕಿಟಕಿಯನ್ನು ಸಶಬ್ದವಾಗಿ ಮುಚ್ಚುತ್ತಿದ್ದೆ. ಅತ್ತ ಅವನು ಬೇಕೆಂದೇ ಕೂಗುತ್ತಿದ್ದ: "ಏನು ಪಂಡಿತರೇ, ಸೂರ್ಯ ಇನ್ನೂ ಚಪ್ಪಲಿ ಬಿಚ್ಚಿಲ್ಲ, ನಿಮ್ಮದು ಆಗಲೇ ಊಟ ಆಯ್ತಾ?" ಆಮೇಲೆ ಅವನ ಹಾಡು. ಕತ್ತೆ ಕಳೆದುಕೊಂಡ ಮಾವನೊಬ್ಬನ ಕುರಿತಾದ ಪೋಲಿಹಾಡು ಅದು. 'ಊರೆಲ್ಲ ಯಾಕೆ ಹುಡುಕ್ತೀಯೋ ಮಾವ, ಕೂತಿದ್ದೀ ಅದರ ಮೇಲೆ' ಎಂಬ ಪಲ್ಲವಿಯನ್ನು ಒಂದು ಸಂಜೆಗೆ ನಲವತ್ತು ಸಲವಾದರೂ ಹಾಡುತ್ತಿದ್ದ. ಎರಡೂವರೆ ವರ್ಷದಲ್ಲಿ ನಾನು ಅವನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ಗುಣಮಾಲೆ ಮಾತ್ರ 'ದೊರೂಕಣ್ಣ' ಎನ್ನುತ್ತಿದ್ದಳು.

ಎರಡೂವರೆ ವರ್ಷ ತುಂಬುವ ಹೊತ್ತಿಗೆ ಭಂಡಾರದ ಮಂಡಳಿ ಬದಲಾಯಿತು. ಹಳೆಯ ಗರಿಗಳ ಓದನ್ನು ನಿಲ್ಲಿಸಿ ಆ ಕೋಣೆಯಲ್ಲಿ ಬೇರೇನನ್ನೋ ಮಾಡುವುದೆಂದು ಹೊಸಬರು ತೀರ್ಮಾನಿಸಿದರು. ಕಾರ್ಯದರ್ಶಿ ಸಭ್ಯನೇ, ಪತ್ರವನ್ನು ಕೈಗಿಡುವಾಗ ಎದ್ದು ನಿಂತಿದ್ದ. ನನ್ನ ಮಂದಗತಿಯ ತಪ್ಪೂ ಇದರಲ್ಲಿರಬಹುದು. ದಿನಕ್ಕೆ ಎರಡು ಗರಿಗಿಂತ ಹೆಚ್ಚು ಓದಿದವನಲ್ಲ ನಾನು. ಕೆಲಸ ಕಳೆದುಕೊಂಡ ಪರದೇಶಿಯು ನಲವತ್ತನೆಯ ದಿನದೊಳಗೆ ಊರು ಬಿಡಬೇಕೆಂಬುದು ಅಲ್ಲಿಯ ಕಾನೂನು. ಮನೆಯ ಕರಾರಿನಲ್ಲಿ ಇನ್ನೂ ಆರು ತಿಂಗಳ ಮೇಲೆ ದಿನಗಳಿದ್ದುವು.

ಅದೇ ವಾರ ತಮ್ಮನ ಕಾಗದವೂ ಬಂತು. ಮಂಡಿ ಹಿಡಿದುಕೊಂಡು ಬಸದಿಯ ಮೆಟ್ಟಿಲು ಹತ್ತಲಾಗುತ್ತಿಲ್ಲ. ಬೇಗ ಬಾ, ಇಲ್ಲವಾದರೆ ಪೂಜೆ ನಿಂತೀತು ಎಂದು ಬರೆದಿದ್ದ. ಕಾಗದವನ್ನು ಮಡಚುತ್ತಿದ್ದ ಹಾಗೆ ಸೆಲೂಮೆಯ ಮಾವ ಕೊರಳ ಹಾರದೊಡನೆ ನನ್ನ ಕಣ್ಣೆದುರು ನಿಂತ. ಹೋಗದಿದ್ದರೆ ಕಾನೂನು ಬಿಡದು. ಹೋದರೆ ಬಸದಿಯ ಬಾಗಿಲು ತೆರೆದಾಗ ಸ್ವಾಮಿಯ ಬದಲು ಈ ಅಡುಗೆಮನೆಯ ಕಿಟಕಿ ಕಾಣುತ್ತದೆ. ಅಂದು ನಗೆ ಬರಲಿಲ್ಲ.

"ನೀವು ಹೇಳುದುಂಟಲ್ಲ ಇವರೇ, ದೇಹ ಬಾಡಿಗೆ ಮನೆ, ತಿರುಗಿ ನೋಡದೆ ಬಿಟ್ಟು ಹೋಗ್ಬೇಕು ಅಂತ," ಎಂದಳು ಗುಣಮಾಲೆ, ಅಕ್ಕಿ ಆರಿಸುತ್ತ. "ಈಗ ಮನೆಯೇ ತಿರುಗಿ ನೋಡ್ತದೆ ಅಂದ್ರೆ ಎಂತ ಮಾಡುದು? ಹೋಗಿ ಆ ಅಜ್ಜಿ ಹತ್ರ ಕೇಳಿ. ಶಾಸ್ತ್ರದಲ್ಲಿ ಇಲ್ಲದ್ದು ಅವರ ಹತ್ರ ಉಂಟು."

ಸೆಲೂಮೆ ತನ್ನ ಹಳದಿಬಾಗಿಲ ಮುಂದೆ ಬಟಾಣಿ ಸುಲಿಯುತ್ತ ಕುಳಿತಿದ್ದಳು. ಉಳಿದ ಬಾಡಿಗೆಯ ಮಾತನ್ನು ನಾನು ಎತ್ತುವ ಮೊದಲೇ ಕೈಯಾಡಿಸಿ ತಳ್ಳಿಹಾಕಿದಳು. "ಅದು ನನ್ನ ನಿಮ್ಮ ಮಾತು, ಆಯ್ತು ಬಿಡಿ. ಮನೆಗೆ ಏನು ಹೇಳ್ತೀರಿ? ಅದಕ್ಕೆ ಒಬ್ಬ ನಡೆಗಾರ ಬೇಕು." ನಡೆಗಾರನೆಂದರೆ, ಹೋಗುವವನ ಬದಲಿಗೆ ಒಳಗಿದ್ದು, ಅವನ ಹಾಗೆಯೇ ಎದ್ದು, ಅವನ ಹಾಗೆಯೇ ಉಂಡು, ಅವಧಿ ತೀರುವವರೆಗೆ ಅವನ ದಿನಚರಿಯನ್ನು ನಡೆಸುವವನು. "ಮನೆಗೆ ಮುಖ ಗೊತ್ತಿಲ್ಲ ಪಂಡಿತರೇ. ನಡೆ ಗೊತ್ತು. ಮೊನ್ನೆ ಹಸಿರುಬಾಗಿಲಿನವನು ಎಂಟು ತಿಂಗಳು ಮುಂಚೆ ಹೋದ. ಅವನ ನಡೆ ಏನು? ಮಧ್ಯಾಹ್ನದವರೆಗೆ ಮಲಗೋದು, ಎದ್ದು ಮೀನು ತಿನ್ನೋದು. ಆ ಜಾಗಕ್ಕೆ ಹನ್ನೊಂದು ಜನ ಹೊಡೆದಾಡಿದರು!" ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರಿಟ್ಟಳು. "ನಿಮ್ಮದನ್ನು ಬರೆದುಕೊಂಡು ಬನ್ನಿ. ನೋಡೋಣ."

ಬರೆದೆ. ಮೂವತ್ತೆರಡು ನಡೆಗಳಾದುವು. ಆ ಭಾನುವಾರ ಬೀದಿಯವರನ್ನೆಲ್ಲ ಸೇರಿಸಿ ಸೆಲೂಮೆ ಗಟ್ಟಿಯಾಗಿ ಓದಿಸಿದಳು. ಬೆಳಗಿನ ಜಾವಕ್ಕೆ ಏಳುವುದು ಎಂದಾಗ ಹಿಂದಿನ ಸಾಲು ಕರಗಿತು. ಕಾಲಿಡುವ ಮುನ್ನ ನೆಲ ಗುಡಿಸಿಕೊಳ್ಳುವುದು ಎಂದಾಗ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಹೊಸ್ತಿಲಲ್ಲಿ ಒಳಗೆ ಹೋಗುವಾಗ ನಿಸ್ಸಹಿ, ಹೊರಗೆ ಬರುವಾಗ ಆಸಹಿ ಎಂಬುದನ್ನು ಮಾತ್ರ ಎಲ್ಲರೂ ಮೆಚ್ಚಿದರು. ಗಾಳಿಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಯ ನೀರಿಗೆ ಮರಳಿಸುವುದು ಎಂದಾಗ ಒಬ್ಬ ಮುದುಕ, "ಅವು ಕೇಳಿಕೊಂಡಿದ್ವಾ?" ಎಂದ. ಚತುರ್ದಶಿಯಂದು ಉಪವಾಸ ಮತ್ತು ಮೌನ ಎಂದಾಗ ಮುದುಕನ ಹೆಂಡತಿ, "ಇವರನ್ನೇ ಕಳಿಸ್ತೀನಿ, ಆ ಒಂದು ದಿನಕ್ಕೆ," ಎಂದಳು. ಕೊನೆಗೆ ನೀರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಆಲೂಗಡ್ಡೆ ಇಲ್ಲ, ಸೂರ್ಯಾಸ್ತದ ನಂತರ ಊಟ ಇಲ್ಲ ಎಂದು ಓದಿ ತಲೆಯೆತ್ತಿದರೆ, ಬೀದಿಯಲ್ಲಿ ಉಳಿದಿದ್ದವನು ದೊರೂಕನೊಬ್ಬನೇ. ಗೋಡೆಗೊರಗಿ ನೀರುಳ್ಳಿ ರೊಟ್ಟಿ ತಿನ್ನುತ್ತಿದ್ದ.

ನಾನು ಹಾಳೆಗಳನ್ನು ಸುತ್ತಿದೆ. ವ್ರತನಿಯಮಗಳನ್ನು ಅಷ್ಟು ಬಿಗಿಯಾಗಿ ಪಾಲಿಸಿದವನೆಂಬ ಒಳಗಿನ ಹೆಮ್ಮೆ ಅಂದು ನನ್ನ ಕಾಲಿಗೇ ಸಂಕಲೆಯಾಗಿ ಬಿದ್ದಿತ್ತು. ಸಡಿಲಾಗಿ ಬದುಕಿದವನಿಗೆ ಬಿಡುಗಡೆ ಸುಲಭ, ನನಗಲ್ಲ.

"ನಾನಿರ್ತೀನಿ," ಎಂದ ದೊರೂಕ, ಬಾಯಲ್ಲಿ ರೊಟ್ಟಿಯಿದ್ದಂತೆಯೇ.

"ತಮಾಷೆ ಬೇಡ," ಎಂದೆ.

"ತಮಾಷೆ ಯಾರು ಮಾಡಿದ್ದು? ದಿನಾ ಸಂಜೆ ನಿಮ್ಮ ಕಿಟಕಿ ಧಡಾರಂತ ಮುಚ್ಚುತ್ತಲ್ಲ, ಆ ಶಬ್ದ ಕೇಳಿಯೇ ನಾನು ರೊಟ್ಟಿ ಒಲೆಗೆ ಹಾಕೋದು. ಎರಡೂವರೆ ವರ್ಷದಲ್ಲಿ ಒಂದು ರೊಟ್ಟಿ ಸೀದಿಲ್ಲ. ನೀವು ಹೋದರೆ ಕಿಟಕಿ ಮುಚ್ಚೋರು ಯಾರು? ನಾನೇ ಮುಚ್ಚಿಕೊಳ್ತೀನಿ." ಕೈಯನ್ನು ಅಂಗಿಗೆ ಒರಸಿಕೊಂಡ. "ಅಲ್ಲದೆ, ಹೆಂಡತಿ ಹೋದ ಮೇಲೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳೋರು ಅಂತ ಇದ್ದವರು ನೀವೊಬ್ಬರೇ. ಅಷ್ಟಾದರೂ ಋಣ ಬೇಡವಾ?"

ಸೆಲೂಮೆ ಪರೀಕ್ಷೆಗೆ ದಿನ ಗೊತ್ತುಮಾಡಿದಳು. ಮುಂಜಾನೆ ಬೀಗದಕೈಯನ್ನು ದೊರೂಕನಿಗೆ ಕೊಟ್ಟು, ಗುಣಮಾಲೆಯನ್ನು ಹಳದಿಬಾಗಿಲ ಮನೆಯಲ್ಲಿ ಬಿಟ್ಟು, ನಾನು ಭಂಡಾರಕ್ಕೆ ಹೊರಟೆ. ಓದಿಗೆಂದು ಕೊಟ್ಟಿದ್ದ ಭೂತಗನ್ನಡಿಯನ್ನು ಹಿಂತಿರುಗಿಸಬೇಕಾಗಿತ್ತು. ಕಾರ್ಯದರ್ಶಿಯ ಕೋಣೆಯ ಬಾಗಿಲನ್ನು ಮೆಲ್ಲಗೆ ತಳ್ಳಿದೆ. ಮೇಜಿಲ್ಲ, ಕಾರ್ಯದರ್ಶಿಯಿಲ್ಲ. ನನ್ನದೇ ಅಡುಗೆಮನೆ. ನನ್ನದೇ ಮಣೆಯ ಮೇಲೆ ಕುಳಿತು ದೊರೂಕ, ಮುಷ್ಟಿಯಲ್ಲಿ ಹಸಿ ನೀರುಳ್ಳಿ ಹಿಡಿದು, ಕಚ್ಚಿದ ಬಾಯಿ ಕಚ್ಚಿದಂತೆಯೇ ನನ್ನನ್ನು ನೋಡುತ್ತಿದ್ದ.

"ಒಂದೇ ಒಂದು ಪದರ, ಪಂಡಿತರೇ!" ಎಂದ. "ಕೊನೇದು ಅಂತ."

ಬಾಗಿಲೆಳೆದುಕೊಂಡೆ. ಆ ಸಂಜೆ ಅವನು ಒಲೆಯ ಪಕ್ಕದ ನೀರುಳ್ಳಿ ಬುಟ್ಟಿಗಳನ್ನೆಲ್ಲ ಹೊತ್ತು ತಂದು ಸೆಲೂಮೆಯ ಅಂಗಳದಲ್ಲಿ ಸುರಿದ. ಕೈಗೆ ವಾಸನೆ ಅಂಟಿದ್ದರೆ ಬಾಯಿ ಮಾತು ಕೇಳುವುದಿಲ್ಲವಂತೆ; ಆದ್ದರಿಂದ ಇನ್ನು ಎಳ್ಳಿನ ರೊಟ್ಟಿ ಮಾತ್ರ ಸುಡುವುದಾಗಿಯೂ, ಅದನ್ನು ಹಗಲಿನಲ್ಲೇ ಸುಟ್ಟು ಮುಗಿಸುವುದಾಗಿಯೂ ಬೀದಿಗೆಲ್ಲ ಸಾರಿದ. ತಲೆಯ ಮೇಲೆ ಕೈಹೊತ್ತವರು ಗಿರಾಕಿಗಳು.

ಎರಡನೆಯ ಪರೀಕ್ಷೆಯ ದಿನ ಮೂವತ್ತೆರಡು ನಡೆಗಳನ್ನೂ ಅವನು ತಪ್ಪದೆ ನಡೆಸಿದ. ಕಿಟಕಿಯ ಬಳಿ ಕಾವಲು ಕುಳಿತಿದ್ದ ಸೆಲೂಮೆಯೇ ಸಾಕ್ಷಿ. ಆದರೂ ಹೊತ್ತಿಳಿಯುವಾಗ ನಾನು ಹಳದಿಬಾಗಿಲ ಹೊಸ್ತಿಲಿಗೆ ಬಂದರೆ, ಒಳಗೆ ಕಂಡದ್ದು ಮತ್ತೆ ಅದೇ ಅಡುಗೆಮನೆ. ದೊರೂಕ ಗಾಳಿಸುವ ಬಟ್ಟೆಯನ್ನು ಹಿಂಡುತ್ತಿದ್ದವನು ನನ್ನನ್ನು ಕಂಡು ಅಳುವಂತಾದ. "ನಾನೇನೂ ತಿಂದಿಲ್ಲ! ಬೇಕಾದ್ರೆ ಬಾಯಿ ಮೂಸಿ ನೋಡಿ!"

ಅಂಗಳದಲ್ಲಿ ನಾಲ್ವರೂ ತಲೆ ಕೆಡಿಸಿಕೊಂಡು ನಿಂತೆವು. ನಾನು ಹಾಳೆಗಳನ್ನು ಮತ್ತೆ ಮತ್ತೆ ಓದಿದೆ. ಯಾವ ಅಣುವ್ರತ ಬಿಟ್ಟುಹೋಯಿತು? ಯಾವ ಶೀಲ? ಗುಣಮಾಲೆ ನನ್ನನ್ನೂ ದೊರೂಕನನ್ನೂ ಒಮ್ಮೆ ನೋಡಿ, ಸೆರಗನ್ನು ಬಾಯಿಗೊತ್ತಿದಳು.

"ಹೇಳಿದ್ರೆ ಬೇಜಾರು ಮಾಡಿಕೊಳ್ಬಾರ್ದು," ಎಂದಳು. "ನೀರು ಗಾಳಿಸುವಾಗ ನೀವು ಹಾಡುದುಂಟಲ್ಲ, ಅದನ್ನು ಬರೆದೇ ಇಲ್ಲ."

"ಸ್ತೋತ್ರವೇ? ಬರೆದಿದ್ದೇನಲ್ಲ, ಒಂಬತ್ತನೆಯದು."

"ಸ್ತೋತ್ರ ಅಲ್ಲ ಮಾರಾಯ್ರೇ. ಕತ್ತೆಯದ್ದು."

ದೊರೂಕ ನೆಲದ ಮೇಲೆಯೇ ಕುಳಿತುಬಿಟ್ಟ. ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. "ನನ್ನ ಹಾಡು! ಕಿಟಕಿ ಮುಚ್ಚಿಕೊಂಡು ನನ್ನ ಹಾಡು!" ಸೆಲೂಮೆ ತುಟಿಯನ್ನು ಬಿಗಿಹಿಡಿದು ಆಕಾಶ ನೋಡುತ್ತಿದ್ದಳು. ನಾನು ಅಲ್ಲಗಳೆಯಲು ಬಾಯಿ ತೆರೆದೆ. ತೆರೆದ ಬಾಯಿಯಲ್ಲಿ ಆ ಪಲ್ಲವಿಯ ರಾಗ ಸಿದ್ಧವಾಗಿ ಕುಳಿತಿರುವುದು ತಿಳಿದು ಮುಚ್ಚಿಕೊಂಡೆ. ಎರಡೂವರೆ ವರ್ಷ, ದಿನಕ್ಕೆ ಮೂರು ಸಲ, ಜೀವದಯೆಗಾಗಿ ಬಟ್ಟೆ ಹಿಡಿದು ನಿಂತ ನಾನು ಕತ್ತೆಯ ಹಾಡನ್ನು ಗುನುಗಿದ್ದೆ. ನನಗೆ ಅರಿವಿರಲಿಲ್ಲ, ಮನೆಗೆ ಇತ್ತು.

ಮೂವತ್ತಮೂರನೆಯ ನಡೆಯನ್ನು ಬರೆಯುವ ಅಗತ್ಯವೇ ಬೀಳಲಿಲ್ಲ. ಲೋಕದಲ್ಲಿ ಅದನ್ನು ಸರಿಯಾಗಿ ನಡೆಸಬಲ್ಲವನು ದೊರೂಕನೇ. ಮರುದಿನ ಹಳದಿಬಾಗಿಲಿನ ಒಳಗೆ ಹಳದಿಬಾಗಿಲ ಮನೆಯೇ ಇತ್ತು. ಸೆಲೂಮೆಯ ಬಟಾಣಿ ಬುಟ್ಟಿ, ಬೆಕ್ಕು, ಗೋಡೆಯ ಮೇಲೆ ಅವಳ ಗಂಡನ ಟೋಪಿ, ಎಲ್ಲವೂ. ಆ ಟೋಪಿಗೆ ಕೈಮುಗಿಯಬೇಕೆನ್ನಿಸಿತು. ಹಡಗು ಬರುವವರೆಗೆ ಅಲ್ಲಿಯೇ ಮಹಡಿಯ ಮೇಲಿದ್ದೆವು.

ಹಡಗಿನ ದಿನ ಚತುರ್ದಶಿಯಾಗಿತ್ತು. ಮೂವತ್ತೊಂದು ವರ್ಷದಿಂದ ಆ ತಿಥಿಯಲ್ಲಿ ನಾನು ಬಾಯಿ ತೆರೆದವನಲ್ಲ. "ಇವತ್ತು ಒಂದು ದಿನ ಬಿಡಿ ಇವರೇ, ಆ ಮನುಷ್ಯನಿಗೆ ಒಂದು ಮಾತು ಹೇಳ್ಬೇಕಲ್ಲ," ಎಂದು ಗುಣಮಾಲೆ ಬೆಳಗಿನಿಂದಲೂ ಬೇಡಿದಳು. ನಾನು ಆಗದೆಂದು ತಲೆಯಾಡಿಸಿದೆ. ಬಂದರಿಗೆ ದೊರೂಕ ಬಂದ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಎಳ್ಳಿನ ರೊಟ್ಟಿಗಳನ್ನು ಗುಣಮಾಲೆಯ ಕೈಗಿತ್ತು, ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅಂದು ಅವನಿಗೂ ಚತುರ್ದಶಿ, ನನ್ನ ಬದಲಿನವನಲ್ಲವೇ?

"ಒಳ್ಳೇ ಜೋಡಿ!" ಎಂದಳು ಗುಣಮಾಲೆ, ನಗುವೂ ಅಳುವೂ ಒಟ್ಟಿಗೆ ಬಂದು. "ಇಬ್ಬರದ್ದೂ ಬಾಯಿ ಬಂದ್. ದೊರೂಕಣ್ಣ,  ಇವರದ್ದೂ ಸೇರಿಸಿ ನಾನೇ ಹೇಳ್ತೇನೆ. ನಿಮ್ಮ ಹೊಟ್ಟೆ ತಣ್ಣಗಿರಲಿ." ಅವನು ತಲೆದೂಗಿದ. ಆದರೆ ಕಣ್ಣು ಅವಳ ಮೇಲಿರಲಿಲ್ಲ. ನನ್ನ ಮುಖದ ಮೇಲಿತ್ತು. ನಾನು ಕೈಮುಗಿದೆ. ಅವನೂ ಮುಗಿದ. ಕಟ್ಟೆಯಿಂದ ಹಡಗು ಬಿಟ್ಟಿತು. ನೀರಿನ ಅಗಲ ಒಂದು ಮಾರಿದ್ದಾಗಲೂ ಹೇಳಬಹುದಿತ್ತು. ಹತ್ತು ಮಾರಾದಾಗಲೂ ಕೂಗಬಹುದಿತ್ತು. ವ್ರತಭಂಗಕ್ಕೆ ಪ್ರಾಯಶ್ಚಿತ್ತವುಂಟು. ಹೇಳದೆ ಉಳಿದ ಕೃತಜ್ಞತೆಗೆ ಏನುಂಟೆಂದು ನಾನು ಓದಿದ ಯಾವ ಗರಿಯಲ್ಲೂ ಇರಲಿಲ್ಲ.

ಊರಿಗೆ ಬಂದ ಮರುದಿನ, ಪೂರ್ವ ಬೆಳ್ಳಗಾಗುವ ಹೊತ್ತಿಗೆ, ಬಸದಿಯ ಬಾಗಿಲ ಮುಂದೆ ನಿಂತೆ. ನಿಸ್ಸಹಿ ಎಂದು ಮೂರು ಸಲ ಹೇಳಿದೆ. ತಳ್ಳಿದೆ. ಒಳಗೆ ಸ್ವಾಮಿ, ಕರಿಕಲ್ಲಿನ ಮೈಮೇಲೆ ನಂದಾದೀಪದ ಬೆಳಕು. ನಿಂತಲ್ಲಿಯೇ ಕುಸಿದು ನಮಸ್ಕರಿಸಿದೆ. ಬಸದಿಯ ಜನ ನನ್ನ ಭಕ್ತಿಯನ್ನು ಮೆಚ್ಚಿಕೊಂಡರು.

ಮೊದಲು ದಿನಕ್ಕೆ ಎಷ್ಟು ಬಾಗಿಲುಗಳನ್ನು ದಾಟುತ್ತಿದ್ದೆನೋ ಗಮನಿಸಿದವನಲ್ಲ. ಈಗ ಒಂದೊಂದೂ ಒಂದು ಸುದ್ದಿಯಾಯಿತು. ಮನೆಯ ಬಾಗಿಲು ಮನೆಗೇ ತೆರೆದರೆ, ಅಲ್ಲಿ ಒಬ್ಬ ನೆಲ ಗುಡಿಸಿ ಕಾಲಿಟ್ಟಿದ್ದಾನೆ. ಕೊಟ್ಟಿಗೆಯ ಬಾಗಿಲು ಕೊಟ್ಟಿಗೆಗೇ ತೆರೆದರೆ, ಅವನು ಬಾವಿಯ ಜೀವಗಳನ್ನು ಬಾವಿಗೆ ಮರಳಿಸಿದ್ದಾನೆ. ಸಂಜೆ ಬಸದಿಯ ಬಾಗಿಲು ಬಸದಿಗೇ ತೆರೆದರೆ, ಕಡಲಾಚೆ ಒಬ್ಬ ರೊಟ್ಟಿಯವನು ಬೀದಿಯವರೆಲ್ಲ ಊಟಕ್ಕೆ ಕೂರುವ ಹೊತ್ತಿನಲ್ಲಿ ಕಿಟಕಿ ಮುಚ್ಚಿ ಸುಮ್ಮನೆ ಕುಳಿತಿದ್ದಾನೆ. ನನಗಾಗಿ. ಅವನ ಧರ್ಮ ಇದಲ್ಲ, ನಂಬಿಕೆಯೂ ಇದಲ್ಲ. ನಾನು ಕರ್ಮಕ್ಷಯಕ್ಕೆಂದು ಮಾಡುವುದನ್ನು ಅವನು ಎದುರುಮನೆಯವನಿಗೆಂದು ಮಾಡುತ್ತಿದ್ದ. ಇವೆರಡರಲ್ಲಿ ಯಾವುದು ಹಿರಿದೆಂದು ಪಂಡಿತರ ಸಭೆಯಲ್ಲಿ ಯಾರಾದರೂ ಕೇಳಿದರೆ ನಾನು ಚತುರ್ದಶಿಯೆಂದು ಹೇಳಿ ಸುಮ್ಮನಿರುವೆನು.

ಎರಡು ಕಾಗದ ಬರೆದೆ. ಅವು ತಲುಪಿದುವೋ ಇಲ್ಲವೋ ತಿಳಿಯಲಿಲ್ಲ. ತಿಂಗಳುಗಳು ಕಳೆದುವು. ಕರಾರಿನ ಕೊನೆಯ ದಿನವನ್ನು ನಾನು ಪಂಚಾಂಗದಲ್ಲಿ ಗುರುತಿಸಿದ್ದೆ. ಸೂರ್ಯೋದಯದಲ್ಲಿ ಹೊಕ್ಕ ಮನೆಯಾದ್ದರಿಂದ, ಅಂದು ಬಿಸಿಲು ನೀಲಿಬಾಗಿಲನ್ನು ಮುಟ್ಟಿದೊಡನೆ ಕರಾರು ತೀರುತ್ತಿತ್ತು. ಅವನು ಬಿಡುಗಡೆಗೊಳ್ಳುವನೆಂದು ಸಂತೋಷಪಟ್ಟೆ. ನಾಳೆಯಿಂದ ನನ್ನ ಬಾಗಿಲುಗಳು ಅವನ ಸುದ್ದಿ ಹೇಳಲಾರವೆಂಬ ಸಂಕಟವೂ ಇತ್ತು.

ಅಂದು ಹೊತ್ತು ಮೂಡುವ ಮೊದಲೇ ಗುಣಮಾಲೆಯೂ ಅಷ್ಟದ್ರವ್ಯದ ತಟ್ಟೆ ಹಿಡಿದು ನನ್ನೊಡನೆ ಬಂದಳು. ಮೂರು ಸಲ ನಿಸ್ಸಹಿ ಎಂದು ಬಸದಿಯ ಬಾಗಿಲನ್ನು ತಳ್ಳಿದೆ.

ಅಡುಗೆಮನೆ.

ಮಣೆಯ ಮೇಲೆ ದೊರೂಕ, ಕೃಶನಾಗಿದ್ದ, ಗಡ್ಡ ನರೆತಿತ್ತು. ಕೈಯಲ್ಲಿ ಹಸಿ ನೀರುಳ್ಳಿ. ಒಂದು ಕಚ್ಚು ಮಾತ್ರ ಕಚ್ಚಿದ್ದ. ಹೊಸ್ತಿಲಾಚೆ ಅವನು, ಈಚೆ ನಾನು, ನಡುವೆ ಕಡಲಿರಲಿಲ್ಲ.

"ಬೇಕಂತಲೇ ಕಚ್ಚಿದ್ದು ಪಂಡಿತರೇ, ಸಿಟ್ಟಾಗಬೇಡಿ," ಎಂದ, ಕೆಮ್ಮುತ್ತ. "ಥೂ, ಏನು ಖಾರ ಇದು, ಮರೆತೇಹೋಗಿತ್ತು. ಅವತ್ತು ಬಂದರಲ್ಲಿ ಇಬ್ಬರೂ ಮೂಗರ ಹಾಗೆ ನಿಂತೆವಲ್ಲ. ಆವತ್ತೇ ಒಂದು ನೀರುಳ್ಳಿ ತೆಗೆದು ಇಡಿ ಅಂತ ಸೆಲೂಮೆ ಅತ್ತೆಗೆ ಹೇಳಿದ್ದೆ, ಕೊನೇ ದಿನಕ್ಕೆ. ಈ ಹೊತ್ತಿಗೆ ಪೂಜೆ ಅಂತ ಹಾಳೆಯಲ್ಲಿ ಬರೆದಿತ್ತು, ಊರಲ್ಲಾದರೆ ದೇವರ ಬಾಗಿಲು ತೆಗೀತೀರಿ ಅಂದ್ಕೊಂಡೆ. ಬಿಸಿಲು ಬರೋಕೆ ಇನ್ನೂ ಸ್ವಲ್ಪ ಹೊತ್ತಿದೆ. ಇವತ್ತು ಚತುರ್ದಶಿ ಅಲ್ಲ ತಾನೇ?"

"ಅಲ್ಲ," ಎಂದೆ. "ಪಂಚಮಿ." ಅರ್ಧ ವರ್ಷ ಮನಸ್ಸಿನಲ್ಲಿ ಕಟ್ಟಿಟ್ಟ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. "ದೊರೂಕಣ್ಣಾ," ಎಂದೆ. ಮೊದಲ ಸಲ. "ದಿನಾ ನನ್ನ ಸ್ವಾಮಿಯ ಬಾಗಿಲು ತೆರೆದುಕೊಂಡಿತು. ಒಂದು ದಿನವೂ ತಪ್ಪಲಿಲ್ಲ. ನೀವು ತೆರೆದದ್ದು."

ಅವನು ನೀರುಳ್ಳಿಯನ್ನು ಕೈಯಲ್ಲೇ ಒಮ್ಮೆ ತಿರುಗಿಸಿದ. "ಈಗ 'ನೀವು' ಆದೆನಾ?" ಎಂದು ನಕ್ಕ. "ನಾನೇನು ತೆರೆದೆ? ಕಿಟಕಿ ಮುಚ್ಚಿದೆ, ಅಷ್ಟೇ. ಒಂದು ಹೇಳ್ತೀನಿ, ಎಳ್ಳಿನ ರೊಟ್ಟಿಯನ್ನ ಈಗ ಜನ ಪಂಡಿತರೊಟ್ಟಿ ಅಂತ ಕೇಳಿ ತಗೊಳ್ತಾರೆ. ನೀರುಳ್ಳಿದು ಬೇಡವಂತೆ. ನನ್ನ ಕಸುಬನ್ನೇ ಕೆಡಿಸಿದಿರಿ." ಆಮೇಲೆ ದನಿ ತಗ್ಗಿಸಿದ. "ಮನೆಗೆ ಬಂದಾಗ ಬಾಗಿಲಲ್ಲಿ ಅಪ್ಪಣೆ ಕೇಳ್ತಿದ್ದೆ ನೋಡಿ, ನಿಮ್ಮ ಹಾಗೆ. ಹೆಂಡತಿ ಹೋದಾಗಿನಿಂದ ಖಾಲಿ ಮನೆಗೆ ನುಗ್ಗೋದೇ ಅಭ್ಯಾಸ ಆಗಿತ್ತು. ಕೇಳಿ ಒಳಗೆ ಹೋದರೆ ಖಾಲಿ ಅನ್ನಿಸೋದಿಲ್ಲ. ಅದೊಂದನ್ನು ಬಿಡೋದಿಲ್ಲ ನಾನು."

ಅವನ ಹಿಂದಿನ ಕಿಟಕಿಯ ಅಂಚು ಕೆಂಪಾಗತೊಡಗಿತ್ತು. ಗುಣಮಾಲೆ ನನ್ನನ್ನು ನೋಡಿದಳು. ಅನಂತರ ತನ್ನ ಕೈಯ ತಟ್ಟೆಯನ್ನು. ಅದರಲ್ಲಿ ಸ್ವಾಮಿಗೆಂದು ಆರಿಸಿ ತಂದ ಬಾಳೆಹಣ್ಣುಗಳಿದ್ದುವು. ಅರ್ಪಿಸಿದ್ದನ್ನು ಹಿಂದೆ ಪಡೆಯಬಾರದು. ಆದರೆ ಇನ್ನೂ ಅರ್ಪಿಸಿರಲಿಲ್ಲ. ಶಾಸ್ತ್ರವನ್ನು ಅಷ್ಟರಮಟ್ಟಿಗೆ ಮಾತ್ರ ಯೋಚಿಸಿದೆ. "ಕೊಡು," ಎಂದೆ. ಅವಳು ಕೈಚಾಚಿ ಹಣ್ಣುಗಳೆಲ್ಲವನ್ನೂ ಹೊಸ್ತಿಲಾಚೆಗೆ ನೀಡಿದಳು.

"ತಿನ್ನಿ ದೊರೂಕಣ್ಣ. ಎಂತ ಇದು, ಇಷ್ಟು ಸೊರಗಿದ್ದೀರಿ?"

"ಸೂರ್ಯ ಹುಟ್ಟಲಿ ಅಕ್ಕಾ," ಎಂದ ಅವನು, ಹಣ್ಣುಗಳನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು. "ಇನ್ನೂ ಕರಾರು ಮುಗಿದಿಲ್ಲ."

ಬಿಸಿಲಿನ ಮೊದಲ ಗೆರೆ ಅವನ ಹೆಗಲ ಮೇಲೆ ಬಿತ್ತು. ಅವನು ಎದ್ದು ಬಾಗಿಲ ಬಳಿಗೆ ಬಂದು, ನೆಟ್ಟಗೆ ನಿಂತು, ನಾನು ಕಲಿಸಿದಂತೆಯೇ, ಒಂದಕ್ಷರವೂ ಕೆಡದಂತೆ ಹೇಳಿದ: "ಆಸಹಿ. ಆಸಹಿ. ಆಸಹಿ." ನಾನೂ ಹೇಳಿದೆ. ಬಂದರಿನಲ್ಲಿ ಹೇಳದೆ ಉಳಿದಿದ್ದ ಬೀಳ್ಕೊಡುಗೆ ಅಲ್ಲಿಗೆ ಮುಗಿಯಿತು. ಬಾಗಿಲನ್ನು ಅವನು ಅತ್ತಲಿಂದ ಎಳೆದನೋ ನಾನು ಇತ್ತಲಿಂದ ಎಳೆದೆನೋ ತಿಳಿಯದು.

ಮತ್ತೆ ಮೂರು ಸಲ ಅಪ್ಪಣೆ ಕೇಳಿ ತಳ್ಳಿದೆ. ಒಳಗೆ ಸ್ವಾಮಿ ಎಂದಿನಂತೆ ನಿಂತಿದ್ದ. ತಟ್ಟೆಯಲ್ಲಿ ಹಣ್ಣಿರಲಿಲ್ಲ, ಅಂದಿನ ಪೂಜೆಯನ್ನು ಏಳು ದ್ರವ್ಯಗಳಿಂದಲೇ ಮಾಡಿದೆ. ಅಭಿಷೇಕಕ್ಕೆ ನೀರು ಗಾಳಿಸುತ್ತಿದ್ದಾಗ ಕತ್ತೆಯ ಹಾಡು ತಾನಾಗಿ ಬಾಯಿಗೆ ಬಂತು. ಗುಣಮಾಲೆ ತಿರುಗಿ ನೋಡಿದಳು. ನಾನು ನಿಲ್ಲಿಸಲಿಲ್ಲ.